ಚೂಪು ಬ್ರಾಕೆಟ್ಟಿನ ಯಜಮಾನರು

ಅವರ ಮುಂದಿನ ಹಲ್ಲಿನಲ್ಲಿ ಅಕ್ಕಿಕಾಳು ಕೂರುವಷ್ಟು ಒಂದು ಕಚ್ಚು ಇತ್ತು. ಟೆಲಿಫೋನ್ ಲೈನ್‌ಮನ್ ಆಗಿದ್ದ ಕಾಲದಲ್ಲಿ ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಆದದ್ದು. ನಿವೃತ್ತಿಯ ನಂತರ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿಗೆ ಬಂದು, ಇಂಟರ್‌ನೆಟ್ ಫೋನುಗಳ ಕೈಪಿಡಿ ಬರೆಯುವ ನಮ್ಮ ನಾಲ್ವರಿಗೆ ಹಿರಿಯರಾಗಿ ಕೂತರು. ಕೂತರು ಅನ್ನುವುದು ಸುಳ್ಳು. ಕೂತಿದ್ದನ್ನು ಕಂಡವರೇ ಇಲ್ಲ. ದಿನವಿಡೀ ನಮ್ಮ ಕುರ್ಚಿಗಳ ಹಿಂದೆ ಚಪ್ಪಲಿ ಎಳೆಯುತ್ತಾ ತಿರುಗುತ್ತಿದ್ದರು. ನಾವು ಅವರನ್ನು ಯಜಮಾನರು ಎಂದು ಕರೆಯುತ್ತಿದ್ದೆವು.

ಫೋನಿನ ಸೆಟ್ಟಿಂಗ್ ಬರೆಯುವುದಕ್ಕೆ ನಮ್ಮಲ್ಲಿ ಕೆಲವು ಗುರುತುಗಳಿದ್ದವು. ದಪ್ಪಕ್ಷರದಲ್ಲಿದ್ದುದನ್ನು ಇದ್ದಂತೆಯೇ ಒತ್ತಬೇಕು. ಚೌಕ ಬ್ರಾಕೆಟ್ಟಿನಲ್ಲಿದ್ದುದು ಬೇಕಾದರೆ ಹಾಕಬಹುದು, ಬೇಡವಾದರೆ ಬಿಡಬಹುದು. ಚೂಪು ಬ್ರಾಕೆಟ್ಟಿನಲ್ಲಿ, ಅಂದರೆ < > ಈ ಗುರುತುಗಳ ನಡುವೆ, ಇದ್ದುದನ್ನು ಬ್ರಾಕೆಟ್ಟಿನ ಸಮೇತ ಅಳಿಸಿ ನಿಮ್ಮ ನಂಬರ್ ಹಾಕಬೇಕು. ಇದೆಲ್ಲ ಮೂರನೇ ಪುಟದಲ್ಲಿತ್ತು. "ಮೂರನೇ ಪುಟ ಓದೋನು ಇನ್ನೂ ಉಟ್ಟಿಲ್ಲ ಕಣಪ್ಪಾ" ಎನ್ನುತ್ತಿದ್ದರು ಯಜಮಾನರು.

ಅದಕ್ಕೇ ಒಂದು ಪದ್ಧತಿ ಇಟ್ಟಿದ್ದರು. ಯಾವ ಪುಟ ಮುಗಿದರೂ ಆಫೀಸಿನ ಕೆಲಸ ಗೊತ್ತಿಲ್ಲದ ಒಬ್ಬರನ್ನು ಕರೆದು, ಆ ಪುಟ ನೋಡಿಕೊಂಡೇ ಫೋನನ್ನು ಸಿದ್ಧ ಮಾಡಿಸಬೇಕು. ಹೆಚ್ಚಾಗಿ ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ಕ್ಯಾಂಟೀನ್ ಅಕ್ಕ ಬರುತ್ತಿದ್ದರು. ನಾವು ಹಿಂದೆ ನಿಂತಿರಬೇಕು, ಬಾಯಿ ಬಿಡುವಂತಿಲ್ಲ. ಅಕ್ಕ ತಪ್ಪು ಗುಂಡಿ ಒತ್ತಿದಾಗ ನನ್ನ ನಾಲಿಗೆ ತುರಿಸುತ್ತಿತ್ತು. "ಸುಮ್ಕಿರು. ನಾಳೆ ಫೋನ್ ತಗೊಂಡೋರ ಮನೆಗೋಗಿ ಏಳ್ಕೊಡ್ತೀಯಾ?" ಎಂದು ಯಜಮಾನರು ಗದರುತ್ತಿದ್ದರು.

ನಾನೋ ಅವಸರದವನು. ಒಂದು ಶುಕ್ರವಾರ ಕೈಪಿಡಿ ಹೊರಡಬೇಕಿತ್ತು. ಕೆಂಪು ಗುಂಡಿಗೆ ಆಂಬ್ಯುಲೆನ್ಸ್ ನಂಬರ್ ಕೂರಿಸುವ ಪುಟ ಮಾತ್ರ ಬಾಕಿ. ಯಾರನ್ನೂ ಕರೆಯದೆ, ಪುಟವನ್ನು ಯಾರಿಂದ ಮಾಡಿಸಿದೆವೆಂದು ಬರೆಯುವ ಪರೀಕ್ಷೆಯ ಹಾಳೆಯಲ್ಲಿ ಕ್ಯಾಂಟೀನ್ ಅಕ್ಕನ ಹೆಸರು ಬರೆದುಬಿಟ್ಟೆ. "ಓದಿಸ್ದ್ಯಾ?" ಎಂದರು ಯಜಮಾನರು. "ಓದ್ಸಿದೀನಿ ಸಾರ್" ಎಂದೆ. ನಂಬಿ ಸೈನ್ ಹಾಕಿದರು.

ಮುಂದಿನ ತಿಂಗಳು ಜಿಗಣಿಯ ಒಂದು ಕಾರ್ಖಾನೆಯಲ್ಲಿ ಒಬ್ಬರ ಕೈ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿತು. ಮೊಬೈಲನ್ನು ಗೇಟಿನಲ್ಲೇ ಒಪ್ಪಿಸಿ ಒಳಗೆ ಹೋಗಬೇಕಾದ ಜಾಗ ಅದು. ಕೆಂಪು ಗುಂಡಿ ಒತ್ತಿದರು, ಒತ್ತಿದರು, ಕರೆ ಹೋಗಲಿಲ್ಲ. ಕೊನೆಗೆ ಯಾರೋ ಗೇಟಿಗೆ ಓಡಿ ಆಟೋ ತಂದರು. ಎರಡು ಬೆರಳು ಹೋದವು. ಬೇಗ ಹೋಗಿದ್ದರೆ ಉಳಿಯುತ್ತಿದ್ದವೋ ಏನೋ, ಯಾರಿಗೂ ಹೇಳಲಾಗಲಿಲ್ಲ. ನನಗೆ ಇವತ್ತಿಗೂ ಅದೇ ಕೊರೆಯುತ್ತದೆ.

ಮರುದಿನ ಯಜಮಾನರ ಸ್ಕೂಟರಿನಲ್ಲಿ ಇಬ್ಬರೂ ಹೋದೆವು. ಫೋನ್ ಜೋಡಿಸಿದ್ದ ಎಲೆಕ್ಟ್ರಿಷಿಯನ್ ನನ್ನ ಪುಟವನ್ನೇ ಮುಂದೆ ಹಿಡಿದ. "ಸಾರ್, ಇದ್ರಲ್ಲಿ ಇದ್ದಂಗೇ ಹೊಡ್ದಿದೀನಿ ಸಾರ್." ಪುಟದಲ್ಲಿದ್ದಂತೆ ಫೋನಿನಲ್ಲೂ ಆಂಬ್ಯುಲೆನ್ಸ್ ನಂಬರಿನ ಎರಡೂ ಬದಿಗೆ ಚೂಪು ಬ್ರಾಕೆಟ್ ಹಾಗೇ ಕೂತಿತ್ತು, ಅದಕ್ಕೇ ಕರೆ ಹೋಗಿರಲಿಲ್ಲ. ಮೂರನೇ ಪುಟದ ಮಾತು ನನ್ನ ಬಾಯಿಗೆ ಬಂತು. ಯಜಮಾನರು ನನ್ನ ರಟ್ಟೆ ಹಿಡಿದು, "ತಪ್ಪು ನಮ್ದೇ ಅಣ್ಣ, ನಿಮ್ದಲ್ಲ" ಎಂದರು.

ಮೀಟಿಂಗಿನಲ್ಲಿ ಮ್ಯಾನೇಜರ್ ಹಾಳೆ ಎತ್ತಿ ಹಿಡಿದು, ಈ ಪುಟ ಯಾರ ಜವಾಬ್ದಾರಿ ಎಂದು ಕೇಳಿದರು. ನಾನು ಮೇಜು ನೋಡುತ್ತಿದ್ದೆ. "ಸೈನ್ ನಂದು ಸಾರ್" ಎಂದರು ಯಜಮಾನರು. ತಿಂಗಳ ಕೊನೆಗೆ ಅವರ ಕೆಲಸ ಹೋಯಿತು, ನನ್ನದು ಉಳಿಯಿತು. ಹೇಡಿ ನಾನು, ಬೇರೆ ಮಾತಿಲ್ಲ.

ಆಮೇಲೆ ಒಪ್ಪಿಕೊಂಡು ಬರೋಣವೆಂದು ಎಷ್ಟೋ ಭಾನುವಾರ ಅವರ ಊರಿನ ಬಸ್ಸು ಹತ್ತಿ, ಎರಡು ಸ್ಟಾಪ್ ಮೊದಲೇ ಇಳಿದು ವಾಪಸ್ಸು ಬಂದಿದ್ದೇನೆ. ಈಗಲೂ ಯಾವ ಪುಟವನ್ನೂ ಹೊರಗಿನವರ ಕೈಯಲ್ಲಿ ಮಾಡಿಸದೆ ಬಿಡುವುದಿಲ್ಲ. ಹಿಂದೆ ನಿಂತು ಬಾಯಿ ಮುಚ್ಚಿಕೊಂಡಿರುತ್ತೇನೆ. ಅಷ್ಟಾದರೂ ನೆಮ್ಮದಿ ಇಲ್ಲ.

ಕೊನೆಗೆ ಅವರ ಮನೆಯ ಬಾಗಿಲಿನವರೆಗೆ ಹೋದದ್ದು ಅವರದೇ ತಿಥಿಯ ದಿನ. ಯಾರೆಂದು ಕೇಳಿದ್ದಕ್ಕೆ, ಆಫೀಸಿನವನು ಎಂದಷ್ಟೇ ಹೇಳಿದೆ. ಅವರ ಹೆಂಡತಿ ತಾವಾಗಿಯೇ ಮಾತು ತೆಗೆದರು. "ನಿಮ್ಮಲ್ಲಿ ಒಬ್ಬ ಉಡುಗ ಇದ್ನಂತೆ. ಕ್ಯಾಂಟೀನ್ ಅಕ್ಕನ ಎಸರು ಬರ್ದಿದ್ನಂತೆ, ಆವತ್ತು ಆಯಮ್ಮ ರಜಾ ಆಕಿದ್ಳಂತೆ. ಮೀಟಿಂಗ್‌ಗೆ ಮುಂಚೇನೇ ಇವ್ರಿಗೆ ಗೊತ್ತಾಗಿತ್ತು. ಬತ್ತಾನೆ, ಅವ್ನೇ ಬಂದು ಏಳ್ತಾನೆ ಅಂತಿದ್ರು. ಭಾನುವಾರ ಎಲ್ಗೂ ಓಗ್ತಿರ್ಲಿಲ್ಲ."

"ಅದು ನಾನೇ ಅಮ್ಮಾ" ಎಂದೆ.

"ಈಗ ನನ್ಗೇಳಿದ್ರೆ ಏನ್ ಬಂತಪ್ಪಾ" ಎಂದರು.