ಪರದೆಯ ಹಿಂದಿನ ಅತ್ತೆ

ಕಾವೂರಿನ ಗುಣವತಿಗೆ ನಾಟಕದ ಹುಚ್ಚು ಯಾವಾಗ ಹಿಡಿಯಿತು ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಮಂಗಳೂರಿನ ಹಂಪನಕಟ್ಟೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಅವಳು ಕನ್ನಡ ಟೈಪಿಸ್ಟ್. ಎಪ್ಪತ್ತೈದರ ಹೊತ್ತಿಗೆ ಊರಿನ ನಾಟಕದವರೆಲ್ಲ ತಮ್ಮ ಕಾಗೆ ಕಾಲು ಗುಬ್ಬಿ ಕಾಲಿನ ಬರಹ ತಂದು ಅವಳ ಮೇಜಿನ ಮೇಲೇ ಸುರಿಯುತ್ತಿದ್ದರು. ನಡುವೆ ಕಾರ್ಬನ್ ಇಟ್ಟು ಐದೈದು ಪ್ರತಿ ಕುಟ್ಟಬೇಕು. ಕುಟ್ಟಿ ಮುಗಿಯುವಷ್ಟರಲ್ಲಿ ಅವಳಿಗೆ ರಾಜನ ಮಾತೂ ಬಾಯಿಪಾಠ, ಸೇವಕನ ಮಾತೂ ಬಾಯಿಪಾಠ. ಇಂಥವಳನ್ನು ನಾಟಕದವರು ಬಿಡುತ್ತಾರೆಯೇ? ಪರದೆಯ ಹಿಂದೆ ಕೂತು ನಟರಿಗೆ ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟ್ ಕೆಲಸವನ್ನೂ ಅವಳ ಕುತ್ತಿಗೆಗೆ ಕಟ್ಟಿದರು.

ಅವಳಿಗೆ ಬೇಕಾಗಿದ್ದದ್ದು ಅದಲ್ಲ. ಒಂದೇ ಒಂದು ಸಲ ಸ್ಟೇಜಿನ ಬೆಳಕಿನಲ್ಲಿ ನಿಂತು ತನ್ನ ಬಾಯಿಂದ ನಾಲ್ಕು ಮಾತಾಡಬೇಕು, ಜನ ತನ್ನ ಮುಖ ನೋಡಬೇಕು. ಇಷ್ಟೇ ಆಸೆ. ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ತುಟಿ ಅಲ್ಲಾಡಿಸುತ್ತ ಬರುವಾಗ ಪಕ್ಕದವರು, ಇವಳು ದೇವರ ನಾಮ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಇವಳು ಹೇಳುತ್ತಿದ್ದದ್ದು ಯಾವುದೋ ರಾಣಿಯ ಮಾತು!

ಅಡ್ಡ ನಿಂತವರು ಸೋದರಮಾವ ಸಂಕಪ್ಪ ಶೆಟ್ಟರು. ಅಮ್ಮನ ಅಣ್ಣ, ಮನೆಯ ಯಜಮಾನ, ಪೇಟೆಯಲ್ಲಿ ಹೋಟೆಲು. ಅಪ್ಪನಿಲ್ಲದ ಗುಣವತಿಯನ್ನು ಸಾಕಿ ಓದಿಸಿದವರೂ ಅವರೇ, ಬಂದ ಎರಡು ಸಂಬಂಧಗಳನ್ನು ಮನೆತನ ಸಾಲದೆಂದು ತಿರುಗಿಸಿ ಕಳಿಸಿದವರೂ ಅವರೇ. ನಾಟಕದ ಮಾತು ಎತ್ತಿದಾಗ ಅವರು ಅವಳನ್ನು ಚಾವಡಿಯಲ್ಲಿ ಮನೆ ಕಾಯುವ ದೈವಕ್ಕೆಂದೇ ಇಟ್ಟ ಮಂಚದ ಮುಂದೆ ನಿಲ್ಲಿಸಿದರು.

“ಟೈಪು ಮಾಡು, ಪರದೆಯ ಹಿಂದೆ ಕೂತು ಓದು, ಬೇಡ ಅಂತ ಹೇಳುವುದಿಲ್ಲ. ಸ್ಟೇಜಿಗೆ ಮಾತ್ರ ಹತ್ತುವುದಿಲ್ಲ ಅಂತ ಇಲ್ಲಿ ಹೇಳು.”

ಹೇಳಿದಳು. ದೈವದ ಮುಂದೆ ಆಡಿದ ಮಾತೆಂದರೆ ಆ ಮನೆಯಲ್ಲಿ ಸ್ಟಾಂಪು ಪೇಪರಿಗಿಂತ ಗಟ್ಟಿ.

ಎಂಬತ್ತೆರಡರ ಮಳೆಗಾಲ ಮುಗಿಯುವಾಗ ಇಂಗ್ಲಿಷ್ ಲೆಕ್ಚರರ್ ಚಕ್ರಪಾಣಿ ಭಟ್ಟರು ಒಂದು ದಪ್ಪ ಕಟ್ಟು ಹಿಡಿದುಕೊಂಡು ಬಂದರು. ರಾಣಿ ವಿಕ್ಟೋರಿಯಾ ಕಾಲದ ಲಂಡನ್ನಿನ ನಗೆನಾಟಕ. ಶ್ರೀಮಂತರ ಮನೆ, ಚಹಾದ ಬಟ್ಟಲು, ಮದುವೆಯ ಮಾತುಕತೆ, ಎಲ್ಲರನ್ನೂ ಕುಣಿಸುವ ಒಬ್ಬ ಬಿಗುಮಾನದ ಹೆಂಗಸು. ಭಟ್ಟರು ಅದನ್ನು ಕನ್ನಡಕ್ಕೆ ತಂದಿದ್ದರು. ಎರಡನೆಯ ಪುಟಕ್ಕೇ ಗುಣವತಿಯ ಕೈ ನಿಂತಿತು.

“ಸರ್, ಈ ಹೆಂಗಸು ಹುಡುಗನಿಗೆ ಚಿಕ್ಕಮ್ಮ ಅಂತ ಬರೆದಿದ್ದೀರಿ. ಅವಳ ಮಗಳನ್ನೇ ಅವನು ಮದುವೆ ಆಗುವುದು. ತಂಗಿ ಆಗುವುದಿಲ್ವಾ?”

ಭಟ್ಟರು ಹಣೆಗೆ ಕೈ ಇಟ್ಟುಕೊಂಡರು. “ಅಯ್ಯೋ! ಇಂಗ್ಲಿಷರಿಗೆ ಅದೆಲ್ಲ ನಡೀತದೆ, ಮಾರಾಯ್ತಿ. ನಾನು ಹಾಗೆಯೇ ಇಳಿಸಿಬಿಟ್ಟೆ.”

“ನಮ್ಮವರು ಚಪ್ಪಲಿ ಬಿಸಾಡಿಯಾರು. ಅತ್ತೆ ಮಾಡುವ, ಸರ್. ಮಾವನ ಹೆಂಡತಿ. ಅತ್ತೆಯ ಮಗಳಾದರೆ ಯಾರೂ ಎಂತದೂ ಹೇಳುವುದಿಲ್ಲ.”

ಹಾಗೆ ಲಂಡನ್ನಿನ ಆ ಹೆಂಗಸನ್ನು ಮಂಗಳೂರಿನ ಅತ್ತೆ ಮಾಡಿದವಳು ಗುಣವತಿ. ಅಂದಿನಿಂದ ಆ ಅತ್ತೆ ತನ್ನವಳು ಎಂದೇ ಅವಳಿಗೆ ಅನ್ನಿಸಿತು. ಆದರೆ ಪಾತ್ರ ಹೋದದ್ದು ಮೋಹನದಾಸನಿಗೆ. ಹಂಚಿನ ಕಾರ್ಖಾನೆಯ ಗುಮಾಸ್ತ, ಇಪ್ಪತ್ತು ವರ್ಷದಿಂದ ಹೆಣ್ಣು ವೇಷ ಹಾಕಿ ಹೆಸರಾದವನು. ಕಿರಿಯ ಹೆಣ್ಣಿನ ಪಾತ್ರಕ್ಕೆ ಜೂಲಿ ಎಂಬ ಹುಡುಗಿ ಬಂದಳು. ಅವಳ ಮನೆಯಲ್ಲಿ ತಕರಾರಿರಲಿಲ್ಲ. ಗುಣವತಿಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಉರಿಯಿತು.

ಪುರಭವನದಲ್ಲಿ ನಾಟಕ ಜನವರಿಗೆ. ಅದೇ ಹೊತ್ತಿಗೆ ಚುನಾವಣೆ ಬಂತು. ಈ ಮೋಹನದಾಸ, ಬುದ್ಧಿ ಬೇಡವೇ ಮನುಷ್ಯನಿಗೆ, ಎರಡು ವಾರ ಪಡೀಲಿನಿಂದ ಬೆಂಗ್ರೆಯವರೆಗೆ ಪ್ರಚಾರದ ಜೀಪಿನಲ್ಲಿ ಮೈಕು ಹಿಡಿದು ಕಿರುಚಿದ. ನಾಟಕದ ದಿನ ಸಂಜೆ ಬಣ್ಣಕ್ಕೆ ಕೂತವನು ಬಾಯಿ ತೆರೆದರೆ ಬರೀ ಗಾಳಿ. ಕಾಳುಮೆಣಸು ಜಗಿದ, ಜೇನು ನೆಕ್ಕಿದ, ಏನೂ ಆಗಲಿಲ್ಲ.

ಭಟ್ಟರು ಅತ್ತೆಯ ಗೌನನ್ನು ತಂದು ಗುಣವತಿಯ ಕೈಯಲ್ಲಿ ಇಟ್ಟರು. “ಮಾತೆಲ್ಲ ನಿಮಗೆ ಗೊತ್ತುಂಟು. ಟೈಲರ್ ಇಸಿದೋರ್ ಎರಡು ಪಿನ್ ಹಾಕಿ ಸರಿ ಮಾಡ್ತಾರೆ. ನೀವೇ ಹೋಗಿ.”

ನೇರಳೆ ಬಣ್ಣದ ಗೌನು. ಗುಣವತಿ ಅದನ್ನು ಮೈಗೆ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡಳು. ಎಷ್ಟು ವರ್ಷದಿಂದ ಕಾದ ಗಳಿಗೆ! ಪರದೆಯ ಸಂದಿನಲ್ಲಿ ಇಣುಕಿದರೆ ಮೊದಲ ಸಾಲಿನಲ್ಲಿ ಮಾವ. ದೈವದ ಮಂಚ ಕಣ್ಣಿಗೆ ಕಟ್ಟಿತು. ಅವಳು ಗೌನನ್ನು ಮಡಚಿ ಮೋಹನದಾಸನ ತೊಡೆಯ ಮೇಲೆ ಇಟ್ಟಳು.

“ನೀವೇ ಹಾಕಿ. ಬಾಯಿಗೆ ಬೀಸಣಿಗೆ ಅಡ್ಡ ಹಿಡಿಯಿರಿ. ಮಾತು ನಾನು ಹೇಳ್ತೇನೆ.”

ಪಕ್ಕದ ಪರದೆಯ ಮರೆಯಲ್ಲಿ ಪ್ರಕಟಣೆಯ ಮೈಕು ಇತ್ತು. ಗುಣವತಿ ಅದರ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಬೆಳಕಿನಲ್ಲಿ ಮೋಹನದಾಸ ಬೀಸಣಿಗೆ ಬಿಚ್ಚಿದ, ಕತ್ತಲಲ್ಲಿ ಗುಣವತಿ ಬಾಯಿ ಬಿಚ್ಚಿದಳು.

“ಮದುವೆ ಎಂದರೆ ಮದುವೆಯಾಗುವ ಇಬ್ಬರ ವಿಷಯವಲ್ಲ, ಮಗು. ಅವರಿಬ್ಬರನ್ನು ಕೇಳುತ್ತ ಕೂತರೆ ಊರಿನಲ್ಲಿ ಒಂದು ಮದುವೆಯೂ ನಡೆಯಲಿಕ್ಕಿಲ್ಲ!”

ಪುರಭವನ ಹೋ ಎಂದು ನಕ್ಕಿತು. ಎರಡು ಗಂಟೆ ಕಾಲ ಆ ನಗು ಇವಳ ಮಾತಿಗೆ ಎದ್ದು ಮೋಹನದಾಸನ ಮುಖಕ್ಕೆ ಬಿತ್ತು. ಮುಗಿದಾಗ ಅವನನ್ನು ಮೂರು ಸಲ ಮುಂದೆ ಕರೆದರು. ಗುಣವತಿ ಸ್ಟೂಲಿನ ಮೇಲೆ ಕೂತು ಅತ್ತಳು. ಸಂತೋಷವೂ ಇತ್ತು, ಸಂಕಟ ಅದಕ್ಕಿಂತ ಹೆಚ್ಚಿತ್ತು.

ಶೆಟ್ಟರು ಬಣ್ಣದ ಕೋಣೆಗೇ ಬಂದರು. “ಎಂತ ಮಾರಾಯ ಮೋಹನದಾಸ, ಇವತ್ತು ನಿನ್ನ ಸ್ವರ ಭಾರೀ ಲಾಯಕ್ ಉಂಟಲ್ಲ!”

ಪಾಪ, ಅವನಿಗೆ ಉತ್ತರಿಸಲು ಸ್ವರವೇ ಇಲ್ಲ. ಗುಣವತಿಯ ಕಡೆ ಕೈ ತೋರಿಸಲು ಹೊರಟವನನ್ನು ಅವಳು ತಲೆ ಅಲ್ಲಾಡಿಸಿ ತಡೆದಳು. ಶೆಟ್ಟರು ಅವಳತ್ತ ನೋಡಲಿಲ್ಲ. ಕಾವೂರಿನಲ್ಲಿ ಕಾರಿನಿಂದ ಇಳಿದು ಮನೆಯ ಮೆಟ್ಟಿಲು ಹತ್ತುವಾಗ, “ಗುಣ, ಗಂಟಲಿಗೆ ಸ್ವಲ್ಪ ಬಿಸಿನೀರು ಕುಡಿ,” ಎಂದು ಹೇಳಿ ಒಳಗೆ ಹೋದರು.

ಹಾಗಾದರೆ ಗೊತ್ತಾಗಿದೆ! ನಾಳೆಯಾದರೂ ಏನಾದರೂ ಹೇಳಿಯಾರು ಎಂದು ಅವಳು ಕಾದಳು. ನಾಳೆಗಳು ಐದು ವರ್ಷ ಉರುಳಿದವು. ತಂಡ ಚದುರಿತು. ಭಟ್ಟರಿಗೆ ವರ್ಗವಾಯಿತು, ಜನ ಮನೆಮನೆಯಲ್ಲಿ ವಿಡಿಯೋ ನೋಡತೊಡಗಿದರು. ಗುಣವತಿಯ ಮೇಜಿಗೆ ನಾಟಕ ಬರುವುದು ನಿಂತು ಬರೀ ಅರ್ಜಿಗಳು ಬರತೊಡಗಿದವು.

ಎಂಬತ್ತೆಂಟರಲ್ಲಿ ಶೆಟ್ಟರು ಪಾರ್ಶ್ವವಾಯು ಬಡಿದು ಮಲಗಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ಅವರು ತೊದಲುತ್ತ ಕೇಳಿದರು, “ಗುಣ, ಆ ಅತ್ತೆಯ ಮಾತು... ಒಮ್ಮೆ ಹೇಳು ಮಗಾ.”

ಅವಳು ಬಟ್ಟಲು ಕೆಳಗಿಟ್ಟು, ಎದ್ದು, ಬಾಗಿಲಿನ ಪರದೆಯ ಹಿಂದೆ ಹೋಗಿ ನಿಂತು ಹೇಳತೊಡಗಿದಳು. ಒಂದಕ್ಷರವೂ ಮರೆತಿರಲಿಲ್ಲ. ಒಳಗಿನಿಂದ ಮಾವನ ಸೊಟ್ಟ ನಗು ಕೇಳಿತು.

“ಮುಖ ಕಾಣುವುದಿಲ್ಲ ಮಗಾ. ಹೊರಗೆ ಬಾ.”

“ಮಾತು ಕೊಟ್ಟಿದ್ದೇನಲ್ಲ, ಮಾವ.”



“ಆ ಮಾತು ತೆಗೆದುಕೊಂಡದ್ದು ನಾನಲ್ವಾ. ದೈವಕ್ಕೆ ನಾನು ಹೇಳ್ತೇನೆ, ತಪ್ಪು ನನ್ನದು ಅಂತ. ಬಾ.”

ಗುಣವತಿ ಪರದೆಯ ಅಂಚು ಹಿಡಿದಳು. ನಲವತ್ತಾಗಿತ್ತು ಅವಳಿಗೆ. ಯಾವ ಸ್ಟೇಜಿಗೆ ಹೋಗುವುದು ಇನ್ನು, ಯಾರು ಕರೆಯುತ್ತಾರೆ? ಬರಬೇಕೆಂದು ಜೀವ ಬಡಿದುಕೊಂಡಿತು, ಇಷ್ಟು ವರ್ಷ ಪರದೆಯ ಹಿಂದೆಯೇ ಇದ್ದು ಅಭ್ಯಾಸವಾದ ಕಾಲು ಏಳಲಿಲ್ಲ. ಅಲ್ಲಿಂದಲೇ ಮುಂದಿನ ಮಾತು ಹೇಳಿದಳು, ಅದರ ಮುಂದಿನದನ್ನೂ ಹೇಳಿದಳು. ಮಾವ ಈ ಸಲ ನಗಲಿಲ್ಲ. ಇವಳು ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಪರದೆಯನ್ನೇ ನೋಡುತ್ತ ಮಲಗಿದ್ದರು.