ಗೋಡೆಗೆ ಹೇಳಿದ ಮಾತು

ಎಡಚ ಮೇಸ್ತ್ರಿ ಸಂಜೆ ಹಾಲು ತರಲು ಹೊರಟರೆ ಮನೆಯವರು ಹಾಲಿನ ಆಸೆ ಬಿಡಬೇಕು. ಅಂಗಡಿ ಇರುವುದು ಬೀದಿಯ ಕೊನೆಯಲ್ಲೇ. ಆದರೆ ದಾರಿಯಲ್ಲಿ ಸಿಗುವ ಹಳೆಯ ಗೋಡೆಗಳನ್ನು ಮಾತಾಡಿಸದೆ ಮುಂದೆ ಹೋಗುವ ಜಾಯಮಾನ ಅವನದಲ್ಲ. ಗಾರೆ ಉದುರಿ ಇಟ್ಟಿಗೆ ಕಾಣುವ ಕಡೆ ನಿಂತು, ಎಡಗೈ ಅಂಗೈಯನ್ನು ಮೆಲ್ಲನೆ ಒತ್ತಿ, "ಬಲಮೂಲೆಯಿಂದ ಇಲ್ಲೀವರೆಗೆ ನಾನು, ಇಲ್ಲಿಂದ ಆಚೆಗೆ ಭಾವ" ಎನ್ನುತ್ತಾನೆ. ಕೇಳುವವರಿಗೆ ಸಂಶಯ ಬಂದರೆ ಸಂದುಗಳಲ್ಲಿ ಕರಣೆ ಎಳೆದ ಗುರುತು ತೋರಿಸುತ್ತಾನೆ. ಅವನ ಗೀರು ಒಂದು ಕಡೆಗೆ ವಾಲಿದರೆ ಭಾವನ ಗೀರು ಇನ್ನೊಂದು ಕಡೆಗೆ ವಾಲಿರುತ್ತದೆ. ಭಾವ ತೀರಿಕೊಂಡು ಕೆಲವು ವರ್ಷಗಳಾದವು. ಗೀರುಗಳು ಹಾಗೇ ಇವೆ.

ಈಗಿನ ಮನೆಗಳ ಮುಂದೆ ಅವನು ನಿಲ್ಲುವುದಿಲ್ಲ. ಟೊಳ್ಳು ಬ್ಲಾಕು ಪೇರಿಸಿ, ಬೆಳಗ್ಗೆ ಶುರುಮಾಡಿ ಸಂಜೆಗೆ ಕೈತೊಳೆದುಕೊಳ್ಳುವ ಗೋಡೆಗಳವು. "ಇವೂ ಒಂದು ಗೋಡೇನಾ? ಬರೀ ಮರೆ" ಎಂದು ಮೂಗು ಮುರಿಯುತ್ತಾನೆ.

ಗೋಡೆಯ ವಿಷಯದಲ್ಲಿ ನಮ್ಮ ಜನರ ಮಾತು ಯಾವತ್ತೂ ಒಂದೇ ತೆರನಾಗಿಲ್ಲ. ಹೇಳಿದ್ದು ಕೇಳದವನನ್ನು ಕಂಡರೆ "ಗೋಡೆಗೆ ಹೇಳಿದ ಹಾಗಾಯ್ತು" ಎಂದು ಬೈಯುತ್ತೇವೆ. ಅದೇ ಬಾಯಲ್ಲಿ ಗುಟ್ಟು ಹೇಳುವಾಗ "ಮೆಲ್ಲಗೆ, ಗೋಡೆಗೂ ಕಿವಿಯಿದೆ" ಎನ್ನುತ್ತೇವೆ. ಪಾಪದ ಗೋಡೆ, ಅದಕ್ಕೆ ಕಿವಿ ಇದೆಯೋ ಇಲ್ಲವೋ ಎಂದು ಮೊದಲು ನಾವಾದರೂ ತೀರ್ಮಾನ ಮಾಡಿಕೊಳ್ಳಬಾರದೇ? ಎಡಚ ಮೇಸ್ತ್ರಿ ಮಾತ್ರ ತನ್ನ ಆಯುಷ್ಯದ ಒಳ್ಳೆಯ ಕಾಲವನ್ನೆಲ್ಲ ಗೋಡೆಗೆ ಹೇಳುತ್ತಲೇ ಕಳೆದವನು. ಅದೂ ಹಠಕ್ಕೆ ಬಿದ್ದು.

ಹುಟ್ಟಿದಾಗಿನಿಂದ ಅವನಿಗೆ ಎಡಗೈಯೇ ಮುಂದು. ಶಾಲೆಯಲ್ಲಿ ಮೇಷ್ಟ್ರು ಆ ಕೈಗೆ ಬೆತ್ತದ ರುಚಿ ತೋರಿಸಿದರು. ಗಾರೆ ಕೆಲಸದವನಾದ ಅಪ್ಪ ಅದನ್ನು ಸೊಂಟಕ್ಕೆ ಸೇರಿಸಿ ಕಟ್ಟಿ, ಬಲಗೈಗೆ ಕರಣೆ ಕೊಟ್ಟು ನೋಡಿದ. ಗಾರೆಯೆಲ್ಲ ಅಪ್ಪನ ಕಾಲ ಮೇಲೆ ಬಿತ್ತು. ದೊಡ್ಡವನಾಗಿ ಕೆಲಸಕ್ಕೆ ಹೋದರೆ ಅಲ್ಲಿಯೂ ಅದೇ ಗೋಳು. ಗೋಡೆ ಕಟ್ಟುವವರು ಸಾಲಾಗಿ ನಿಂತಾಗ ಎಲ್ಲರ ಮೊಣಕೈ ಒಂದು ಕಡೆ ಆಡಿದರೆ ಇವನದು ಎದುರು ಕಡೆ ಆಡಬೇಕು. ಪಕ್ಕದವನ ಪಕ್ಕೆಗೆ ತಿವಿತ, ಪಕ್ಕದವನಿಂದ ಬೈಗುಳ. ಯಾವ ಮೇಸ್ತ್ರಿಯೂ ಇವನನ್ನು ಒಂದು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲ.

ಆಗ ಸಿಕ್ಕವನೇ ಭಾವ. ಆಗಿನ್ನೂ ಭಾವನಾಗಿರಲಿಲ್ಲ, ಜೊತೆ ಕೆಲಸದವನು ಅಷ್ಟೆ, ಇವನಿಗಿಂತ ನಾಲ್ಕಾರು ವರ್ಷ ದೊಡ್ಡವನು. ಇವನು ಬೈಸಿಕೊಳ್ಳುವುದನ್ನು ನೋಡಿ ನೋಡಿ ಬೇಸತ್ತು ಒಂದು ದಿನ ಹೇಳಿದ:

"ಸಾಲಲ್ಲಿ ಯಾಕೆ ನಿಂತ್ಕೋತೀಯ ಮಾರಾಯ? ನೀನು ಆ ಮೂಲೆ ಹಿಡಿ, ನಾನು ಈ ಮೂಲೆ ಹಿಡೀತೀನಿ. ನೀನು ಬಲದಿಂದ ಬಾ, ನಾನು ಎಡದಿಂದ ಬರ್ತೀನಿ. ನಡುವೆ ಸಿಗೋಣ."

ಇಷ್ಟು ಸುಲಭದ ಉಪಾಯ ಅಲ್ಲಿಯವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಮೂಲೆಯನ್ನು ತೂಗುಗುಂಡು ಬಿಟ್ಟು ನೆಟ್ಟಗೆ ಎಬ್ಬಿಸುವುದು, ಮೂಲೆಯಿಂದ ಮೂಲೆಗೆ ದಾರ ಬಿಗಿಯುವುದು, ದಾರದ ಗುಂಟ ಇಟ್ಟಿಗೆ ಇಡುತ್ತಾ ಎದುರುಬದುರಾಗಿ ಬರುವುದು. ನಡುವೆ ಒಂದು ಇಟ್ಟಿಗೆಯ ಜಾಗ ಉಳಿದಾಗ ಒಬ್ಬ ಎರಡೂ ಕಡೆ ಗಾರೆ ಬಳಿಯಬೇಕು, ಇನ್ನೊಬ್ಬ ಇಟ್ಟಿಗೆ ಇಳಿಸಬೇಕು. ಅಲ್ಲಿಗೆ ಒಂದು ವರಸೆ ಮುಗಿಯಿತು. ಬೇರೆಯವರು ಮೂರು ವರಸೆ ಏರಿಸುವಷ್ಟರಲ್ಲಿ ಇವರು ನಾಲ್ಕು ಏರಿಸುತ್ತಿದ್ದರು. ಇಡೀ ದಿನ ಬಾಯಿಗೂ ಬಿಡುವಿಲ್ಲ. ಮನೆ ಸುದ್ದಿ, ಊರ ಸುದ್ದಿ, ಸಿನಿಮಾ ಸುದ್ದಿ, ಯಾರದೋ ಮನೆಯ ಜಗಳ, ಎಲ್ಲವೂ ಆ ದಾರದ ಮೇಲೆ ಓಡಾಡುತ್ತಿದ್ದವು. ತಲೆಯ ಮೇಲೆ ಗಾರೆ ಬಾಂಡ್ಲಿ ಹೊತ್ತು ತರುತ್ತಿದ್ದವಳು ಆ ಗೆಳೆಯನ ತಂಗಿ. ಒಂದು ಮಧ್ಯಾಹ್ನ ಗೆಳೆಯ ಊಟದ ಡಬ್ಬಿ ಮುಚ್ಚುತ್ತಾ, "ನಮ್ಮ ತಂಗೀನ ಮದುವೆ ಆಗ್ತೀಯೇನೋ? ನೀನು ಎಡಗೈಯವನಾದ್ರೂ ನಿನ್ನ ಕೆಲಸ ಚೊಕ್ಕ" ಎಂದ. ತಂಗಿ ಕೇಳಿಸದವಳಂತೆ ಬಾಂಡ್ಲಿ ಎತ್ತಿಕೊಂಡು ಹೋದಳು. ಆದರೆ ಅಂದು ಸಂಜೆಯವರೆಗೂ ಎಡಚನ ಕಡೆಗೇ ಗಾರೆ ಹೆಚ್ಚು ಬರುತ್ತಿತ್ತು. ಹೀಗೆ ಗೆಳೆಯ ಭಾವನಾದ, ನೀನು ಹೋಗಿ ನೀವು ಬಂತು. ಮಾತಿನ ಸಲಿಗೆ ಮಾತ್ರ ಹಾಗೇ ಉಳಿಯಿತು.

ಕೆಟ್ಟ ಗಳಿಗೆ ಬಂದದ್ದು ಒಂದು ಕಾರ್ಖಾನೆಯ ಸುತ್ತುಗೋಡೆ ಕಟ್ಟುವಾಗ. ಬಟ್ಟಬಯಲು, ದಿನವಿಡೀ ಗಾಳಿ, ಉದ್ದನೆಯ ಗೋಡೆ. ಅಂಥ ಕಡೆ ದಾರ ಗಾಳಿಗೆ ಹೊಟ್ಟೆ ಬಿಡುತ್ತದೆ. ಅದಕ್ಕೆ ನಡುವೆ ಒಂದು ಇಟ್ಟಿಗೆಯನ್ನು ಮೊದಲೇ ಅಳೆದು ಕೂರಿಸಿ, ಅದರ ಮೇಲೆ ದಾರವನ್ನು ಅದುಮಿ ಹಿಡಿಸಬೇಕು. ಆ ನಡು ಇಟ್ಟಿಗೆಯನ್ನು ಭಾವ ಇಟ್ಟಿದ್ದಾನೆ ಎಂದು ಇವನು, ಇವನು ಇಟ್ಟಿದ್ದಾನೆ ಎಂದು ಭಾವ. ಮಾತಿನ ಭರದಲ್ಲಿ ಇಬ್ಬರೂ ಕೇಳಲಿಲ್ಲ. ಎರಡು ಮೂಲೆಯೂ ಕಡ್ಡಿಯಂತೆ ನೆಟ್ಟಗೆ ಬಂದವು, ನಡುಭಾಗ ಬಸುರಿಯ ಹೊಟ್ಟೆಯಂತೆ ಮುಂದೆ ಬಂತು. ಕಾರ್ಖಾನೆಯವನು ಬಂದು ನೋಡಿ, ಆಳುಗಳ ಮುಂದೆ ಬಾಯಿಗೆ ಬಂದಂತೆ ಬೈದ. ಬೈಗುಳ ಭಾವನ ಕಡೆ ತಿರುಗಿದಾಗ ಭಾವನ ಬಾಯಿಂದ ಆ ಮಾತು ಹೊರಬಿತ್ತು:

"ಎಡಗೈಯಲ್ಲಿ ಕಟ್ಟಿದ ಗೋಡೆ ಇನ್ನೆಲ್ಲಿ ನೆಟ್ಟಗಿರುತ್ತೆ ಸ್ವಾಮಿ!"

ಆಳುಗಳು ನಕ್ಕರು. ಲೋಕವೆಲ್ಲ ಆಡಿದ್ದ ಮಾತೇ ಅದು. ಮೇಷ್ಟ್ರು ಆಡಿದ್ದರು, ಅಪ್ಪ ಆಡಿದ್ದ, ಅದಕ್ಕೆಲ್ಲ ಅವನ ಚರ್ಮ ದಪ್ಪವಾಗಿತ್ತು. ಆದರೆ ಭಾವನ ಬಾಯಲ್ಲಿ ಅದನ್ನು ಅವನು ಕನಸಿನಲ್ಲೂ ನಿರೀಕ್ಷಿಸಿರಲಿಲ್ಲ. ಎದೆಗೆ ಒದ್ದ ಹಾಗಾಯಿತು. ಗೋಡೆ ಕೆಡವಿದರು, ಮತ್ತೆ ಕಟ್ಟಿದರು, ಈ ಸಲ ನಡು ಇಟ್ಟಿಗೆಯನ್ನು ಇಬ್ಬರೂ ಒಂದೊಂದು ಸಲ ಅಳೆದರು. ಮಾತು ಮಾತ್ರ ನಿಂತಿತು. ಭಾವ ಆ ಮಾತನ್ನು ವಾಪಸು ತೆಗೆದುಕೊಳ್ಳುವವರೆಗೆ ಅವನ ಜೊತೆ ಮಾತಿಲ್ಲ ಎಂದು ಎಡಚ ಹೆಂಡತಿಯ ಮುಂದೆ ಹೇಳಿದ. ಆಡಿದ ಮಾತು ಮನಸ್ಸನ್ನು ಕೊರೆಯುತ್ತಿದ್ದರೂ ಚಿಕ್ಕವನ ಮುಂದೆ ತಲೆತಗ್ಗಿಸಲು ಭಾವನಿಗೆ ಮನಸ್ಸಾಗಲಿಲ್ಲ.

ಬೇರೆ ಬೇರೆಯಾಗಿ ಕೆಲಸ ಹುಡುಕಬಹುದಿತ್ತು. ಹುಡುಕಿದರೆ ಎಡಚನ ಜೊತೆ ನಿಲ್ಲುವವರು ಯಾರು? ಭಾವನೂ ಒಂದು ವಾರ ಬಲಗೈಯವನೊಬ್ಬನ ಜೊತೆ ಕಟ್ಟಿ ನೋಡಿ, "ಅವನ ಜೊತೆ ಕಟ್ಟೋದು ಗೋಡೆಗೆ ತಲೆ ಚಚ್ಕೊಂಡ ಹಾಗೆ" ಎಂದು ತಂಗಿಯ ಮುಂದೆ ಗೊಣಗಿ, ಸೋಮವಾರ ಬಂದು ತನ್ನ ಎಡಮೂಲೆ ಹಿಡಿದ. ಆದರೆ ಗೋಡೆ ಕಟ್ಟುವುದು ಮೂಕರ ಕೆಲಸವಲ್ಲವಲ್ಲ. ದಾರ ಬಿಗಿ ಮಾಡು ಎನ್ನಬೇಕು, ಇಟ್ಟಿಗೆ ತಟ್ಟು ಎನ್ನಬೇಕು. ಮೊದಲ ವರಸೆ ಮುಗಿಯುವಷ್ಟರಲ್ಲಿ ಭಾವ ಮುಖ ಗಂಟಿಕ್ಕಿಕೊಂಡು ಗೋಡೆಯ ಕಡೆ ತಿರುಗಿದ:

"ಏ ಗೋಡೆ, ನಿನ್ನ ಬಲಮೂಲೆ ಒಂದು ನೂಲು ಹೊರಗೆ ಬಂದಿದೆ. ನೋಡ್ಕೋ."

ಎಡಚ ತೂಗುಗುಂಡು ಬಿಟ್ಟು ನೋಡಿದ. ನಿಜವಾಗಿಯೂ ಕೂದಲೆಳೆಯಷ್ಟು ಬಂದಿತ್ತು. ಸರಿಮಾಡಿ, ಅವನೂ ಗೋಡೆಗೇ ಉತ್ತರ ಕೊಟ್ಟ:

"ಏ ಗೋಡೆ, ಆ ಕಡೆ ದಾರ ಜೋಲಾಡ್ತಿದೆ. ಕಟ್ಟಿದೋರಿಗೆ ಕೈಲಿ ಬಲ ಇಲ್ವಾ ಅಂತ ಕೇಳು."

ಅಲ್ಲಿಂದ ಅದೇ ಪದ್ಧತಿಯಾಯಿತು. ಮನೆ ಕಟ್ಟಿಸುವವರು ಬೆರಗಾಗಿ, "ಏನಮ್ಮಾ, ನಿಮ್ಮ ಮೇಸ್ತ್ರಿಗಳು ಗೋಡೆ ಜೊತೆ ಮಾತಾಡ್ತಾರಲ್ಲ?" ಎಂದರೆ ಎಡಚನ ಹೆಂಡತಿ ಬಾಂಡ್ಲಿ ಇಳಿಸುತ್ತಾ, "ಮಾತಾಡಿಸಿದ್ರೆ ಗಾರೆ ಬೇಗ ಗಟ್ಟಿಯಾಗುತ್ತೆ" ಎನ್ನುತ್ತಿದ್ದಳು. ತಪ್ಪು ಯಾರದು ಎಂದು ಅವಳನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವಳು. ಒಂದು ಕಡೆ ಗಂಡ, ಒಂದು ಕಡೆ ಒಡಹುಟ್ಟಿದ ಅಣ್ಣ, ಬೇರೇನು ಮಾಡಿಯಾಳು? ಒಳಗೊಳಗೇ ಮಾತ್ರ ಕೊರಗುತ್ತಿದ್ದಳು. ಇಬ್ಬರೂ ಒಂದೇ ಕಡೆ ಕೂತು ಉಂಡು ಎಷ್ಟು ಕಾಲವಾಯಿತೆಂದು ನೆನೆದು ಕಣ್ಣೊರೆಸಿಕೊಳ್ಳುವಳು.

ಹಾಗೆಂದು ಗೋಡೆಗೆ ಬರೀ ಜಗಳವೇ ಕೇಳಬೇಕಾಗಿ ಬಂತು ಎಂದಲ್ಲ. ಎಡಚನಿಗೆ ಮಗಳು ಹುಟ್ಟಿದ ಮರುದಿನ ಭಾವ ಇಟ್ಟಿಗೆ ತಟ್ಟುತ್ತಾ, "ಗೋಡೆ, ಮಗೂಗೆ ನನ್ನ ತಂಗೀದೇ ಮೂಗು ಬಂದಿದೆ. ಇನ್ನೊಬ್ಬರ ಮೂಗು ಬರಲಿಲ್ಲ, ಪುಣ್ಯ" ಎಂದ. ಎಡಚ ಬಗ್ಗಿ ಗಾರೆ ಕಲಸುವ ನೆಪದಲ್ಲಿ ನಗು ಮುಚ್ಚಿಕೊಂಡ. ಭಾವನ ತಾಯಿ ತೀರಿಕೊಂಡ ಮೇಲೆ, ಅವನು ಮೊದಲ ದಿನ ಕೆಲಸಕ್ಕೆ ಬಂದಾಗ ಒಂದೇ ಇಟ್ಟಿಗೆಯನ್ನು ಮತ್ತೆ ಮತ್ತೆ ಎತ್ತಿ ಇಡುತ್ತಿದ್ದ. ಎಡಚ ಕರಣೆ ಕೆಳಗಿಟ್ಟು, "ಗೋಡೆ, ಅಳೋದಿದ್ರೆ ಅತ್ತುಬಿಡು. ನಾನು ಆ ಕಡೆ ತಿರುಗಿರ್ತೀನಿ" ಎಂದ. ತಿರುಗಿಯೂ ನಿಂತ. ಅಂದು ಆ ಗೋಡೆ ಒಂದು ವರಸೆ ಕಡಿಮೆ ಏರಿತು.

ಈಗ ಯೋಚಿಸಿದರೆ ಎಡಚ ಮೇಸ್ತ್ರಿಗೆ ಅವೇ ತನ್ನ ಒಳ್ಳೆಯ ದಿನಗಳು ಅನ್ನಿಸುತ್ತದೆ. ಮುನಿಸು ಇತ್ತು, ನಿಜ. ಆದರೆ ಬೆಳಗಾದರೆ ಎದುರು ಮೂಲೆಯಲ್ಲಿ ಭಾವ ಇರುತ್ತಿದ್ದ.

ಅದು ಮುಗಿದದ್ದು ಒಂದು ಮಹಡಿ ಮನೆಯ ಹೊರಗೋಡೆಯಲ್ಲಿ. ಇಬ್ಬರೂ ಕಂಬ ನೆಟ್ಟು ಕಟ್ಟಿದ ಸಾರುವೆಯ ಹಲಗೆಗಳ ಮೇಲೆ ನಿಂತು ಎಂದಿನಂತೆ ನಡುವಿಗೆ ಬರುತ್ತಿದ್ದರು. ಚಹಾ ಕುಡಿಯಲು ಕೆಳಗಿಳಿದಾಗ ಯಾರೋ ಆಳು ನಡುವಿನ ಹಲಗೆಯನ್ನು ಬೇರೆ ಕೆಲಸಕ್ಕೆ ಎಳೆದುಕೊಂಡು ಹೋಗಿದ್ದ. ಭಾವ ಗೋಡೆಯ ಮೇಲೆ ಕಣ್ಣಿಟ್ಟು ಪಕ್ಕಕ್ಕೆ ಸರಿಯುತ್ತಿದ್ದ. ಅವನ ಕಾಲ ಬುಡದಲ್ಲೇ ಹಲಗೆ ಮುಗಿದದ್ದನ್ನು ಎಡಚ ಕಂಡ. ಕೂಗಿದ. ಬಾಯಿಗೆ ಬಂದದ್ದು ಅಷ್ಟು ವರ್ಷಗಳ ಅಭ್ಯಾಸ:

"ಏ ಗೋಡೆ, ನೋಡ್ಕೋ!"

ಭಾವ ಎಂದಿನಂತೆ ಗೋಡೆಯನ್ನು ನೋಡಿದ. ತಲೆ ವಾಲಿಸಿ ದಾರದ ಗುಂಟ ಕಣ್ಣು ಹಾಯಿಸಿದ. ಇನ್ನೂ ಚೆನ್ನಾಗಿ ಕಾಣಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟ.

ಕೆಳಗೆ ಮರಳಿನ ರಾಶಿ ಇದ್ದುದರಿಂದ ಜೀವ ಉಳಿಯಿತು. ಬಲಭುಜ ಮಾತ್ರ ಪುಡಿಯಾಯಿತು. ಆ ಕೈ ಇನ್ನು ಭುಜದ ಮಟ್ಟಕ್ಕೂ ಏಳುವುದಿಲ್ಲ, ಕರಣೆಯ ಮಾತು ಮರೆತುಬಿಡಿ ಎಂದರು ಡಾಕ್ಟರು.

ಎಡಚ ಆಸ್ಪತ್ರೆಯ ಬಾಗಿಲವರೆಗೆ ಹೋಗುತ್ತಿದ್ದ, ಒಳಗೆ ಹೋಗುತ್ತಿರಲಿಲ್ಲ. ಭಾವನನ್ನು ಮನೆಗೆ ಕರೆತಂದ ಮೇಲೂ ಅಷ್ಟೆ. ಯಾವ ಮುಖ ಹೊತ್ತು ಹೋಗುವುದು? "ಭಾವ" ಎಂದು ಎರಡಕ್ಷರ ಕೂಗಿದ್ದರೆ ಆ ಮನುಷ್ಯ ತನ್ನ ಕಡೆ ತಿರುಗಿ ನಿಲ್ಲುತ್ತಿದ್ದ. ಹಠ ನಾಲಗೆಯ ಮೇಲೆ ಕೂತು ಅವನ ಕೈ ತಿಂದಿತು. ಊಟ ಸೇರಲಿಲ್ಲ, ಕೆಲಸಕ್ಕೂ ಹೋಗಲಿಲ್ಲ. ಕೊನೆಗೆ ಎಂದೂ ಗಂಡನಿಗೆ ಎದುರಾಡದ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ನಮ್ಮಣ್ಣ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದಾನೆ ರೀ. ಅತ್ತಿಗೆ ಜೊತೇನೂ ಮಾತಿಲ್ಲ, ನನ್ನ ಜೊತೇನೂ ಮಾತಿಲ್ಲ. ಇನ್ನೂ ಯಾರು ಮೊದಲು ಅಂತ ಕಾಯ್ತಾ ಕೂತ್ಕೋತೀರಾ?"

ಹೋದ. ಭಾವನ ಹೆಂಡತಿ ಕೋಣೆಯ ಬಾಗಿಲು ತೋರಿಸಿ ಅಡುಗೆಮನೆಗೆ ಸರಿದಳು. ಸಣ್ಣ ಕೋಣೆ, ಒಂದು ಮಂಚ, ಒಂದು ಸ್ಟೂಲು. ಭಾವನ ಬೆನ್ನು ಇವನ ಕಡೆಗಿತ್ತು. ಆಚೆ ಗೋಡೆ. ಇಬ್ಬರೂ ಸೇರಿ ಕಟ್ಟಿದ ಮನೆಯೇ ಅದು. ಎಡಚ ಸ್ಟೂಲಿನ ಮೇಲೆ ಕೂತು ಅಂಗೈ ಉಜ್ಜಿಕೊಂಡ. ಕಣ್ಣು ಗೋಡೆಯ ಕಡೆ ಹೋಯಿತು. ಅದಕ್ಕೆ ಹೇಳಿಬಿಟ್ಟರೆ ಎಷ್ಟು ಸಲೀಸು! ಅವನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ಭಾವ," ಎಂದ. ಎಷ್ಟೋ ವರ್ಷಗಳ ಮೇಲೆ ಬಂದ ಆ ಮಾತು ಗೊಗ್ಗರಾಗಿತ್ತು. "ಭಾವ, ತಪ್ಪಾಯ್ತು. ಅವತ್ತು ನಿಮ್ಮನ್ನೇ ಕೂಗಬೇಕಿತ್ತು."

ಪಕ್ಕದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಎಡಚನಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು, ಆದರೂ ಕೂತೇ ಇದ್ದ.

"ಕೂಗಿದ್ದು ಕೇಳಿಸ್ತು," ಎಂದ ಭಾವ ಕೊನೆಗೆ, ಹಾಗೆಯೇ ಮಲಗಿಕೊಂಡು. "ಗೋಡೇಲಿ ಏನೋ ಸೊಟ್ಟ ಬಂದಿದೆ ಅಂದ್ಕೊಂಡೆ. ನೋಡಿದೆ, ನನ್ನ ಕಣ್ಣಿಗೆ ಏನೂ ಕಾಣಲಿಲ್ಲ."

"ಭಾವ..."

"ನನಗೆ ಕಾಣದೆ ಇದ್ರೇನು, ಹೇಳಿದ್ದು ನೀವು. ನಿಮ್ಮ ಕಣ್ಣು ತಪ್ಪೋದಿಲ್ಲ. ಎಲ್ಲೋ ಸೊಟ್ಟ ಇರಲೇಬೇಕು ಅಂತ ಹುಡುಕ್ತಾ ಹೆಜ್ಜೆ ಇಟ್ಟೆ. ಇಲ್ಲಿ ಮಲಗಿಕೊಂಡೂ ಅದನ್ನೇ ಹುಡುಕ್ತಿದ್ದೀನಿ."

ಎಡಚ ಮೇಸ್ತ್ರಿ ಬಿಕ್ಕಿ ಬಿಕ್ಕಿ ಅತ್ತ. ಅಡುಗೆಮನೆಗೆ ಕೇಳಿಸುತ್ತದೆ ಎಂಬ ನಾಚಿಕೆಯೂ ಅವನಿಗೆ ಆಗಲಿಲ್ಲ.

"ಸೊಟ್ಟ ಇರಲಿಲ್ಲ ಭಾವ," ಎಂದ. "ನೆಟ್ಟಗಿತ್ತು. ನಿಮ್ಮ ಕಡೆಯದೂ ನೆಟ್ಟಗಿತ್ತು, ನನ್ನ ಕಡೆಯದೂ ನೆಟ್ಟಗಿತ್ತು."

"ಹಾಗಾದ್ರೆ ಸರಿ" ಎಂದು ಭಾವ ಕಷ್ಟಪಟ್ಟು ಇವನ ಕಡೆಗೆ ಹೊರಳಿದ.