‘ಸಾಕು’ ಅಂದರೆ ನಿಲ್ಲುವ ಸ್ಪ್ಯಾನರ್

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಒಂದು ತಗಡಿನ ಶೆಡ್ ಇದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾನೆಟ್ ಎತ್ತಿ ನಿಲ್ಲಿಸಿದ ಹಳೆಯ ಮಾರುತಿ ಕಾರಿನೊಳಕ್ಕೆ, ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬರು ಬಗ್ಗಿದ್ದಾರೆ. ಪಕ್ಕದ ಸ್ಟೂಲಿನ ಮೇಲೆ ಗಂಡ ಕೂತಿದ್ದಾರೆ. ಅವರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ. ಎಡಗೈ ಬೆರಳು ಮಾತ್ರ ಎಂಜಿನ್ನಿನ ತಲೆಯ ಮೇಲಿನ ಮುಚ್ಚಳದ ಅಂಚನ್ನು ಮುಟ್ಟಿಕೊಂಡೇ ಇದೆ. ಆಕೆ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ತಿರುಗಿಸುತ್ತಾರೆ. ಇನ್ನೊಂದಿಷ್ಟು. ಇನ್ನೂ ಒಂಚೂರು.

“ಸಾಕು” ಅನ್ನುತ್ತಾರೆ ಗಂಡ.

ಸ್ಪ್ಯಾನರ್ ಅಲ್ಲೇ ನಿಲ್ಲುತ್ತದೆ.

ಆಕೆ ಮರಿತಾಯಮ್ಮ. ಗಂಡ ನಿಂಗರಾಜು, ಮೂಗೂರಿನವರು. ನರಸೀಪುರದ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಇಲ್ಲಿ ಸ್ವಂತ ಶೆಡ್ ಹಾಕಿದರು. ಹಳೆಯ ಕಾರು ಆಯಿಲ್ ಸೋರುತ್ತಿದೆಯೇ, ನಿಂಗಣ್ಣನ ಹತ್ತಿರ ಹೋಗಿ ಎಂದು ಸುತ್ತಿನ ಡ್ರೈವರುಗಳೆಲ್ಲ ಕೈ ತೋರಿಸುತ್ತಿದ್ದುದು ಈ ಕಡೆಗೇ.

ಆ ಮುಚ್ಚಳಕ್ಕೆ ಗ್ಯಾರೇಜಿನವರು ಟ್ಯಾಪೆಟ್ ಕವರ್ ಅನ್ನುತ್ತಾರೆ. ಅದರ ಕೆಳಗೆ ಸುತ್ತಲೂ ಕೂರುವ ರಬ್ಬರ್ ಪಟ್ಟಿಯೇ ಪ್ಯಾಕಿಂಗ್. ವರ್ಷಗಟ್ಟಲೆ ಬಿಸಿ ತಿಂದ ರಬ್ಬರ್ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಆಯಿಲ್ ಜಿನುಗಿ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಕಾರಿನೊಳಗೆಲ್ಲ ಸೀದ ವಾಸನೆ. ಕವರ್ ಬಿಚ್ಚಿ, ಹಳೆಯ ಪ್ಯಾಕಿಂಗ್ ಕೆರೆದು ತೆಗೆದು, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಹೊಸದನ್ನು ಕೂರಿಸುವುದು ನೋಡುವುದಕ್ಕೆ ಸಲೀಸು. ಪೀಕಲಾಟ ಇರುವುದು ಬಿಗಿಯುವಾಗ. ಸಡಿಲ ಬಿಟ್ಟರೆ ಸೋರುತ್ತದೆ. ಜಾಸ್ತಿ ಬಿಗಿದರೆ ರಬ್ಬರ್ ಹಿಸುಕಿಕೊಂಡು ಮೊದಲಿಗಿಂತ ಹೆಚ್ಚು ಸೋರುತ್ತದೆ. ಎಂಜಿನ್ ತಣ್ಣಗಿರಬೇಕಾದ್ದರಿಂದ ಮರಿತಾಯಮ್ಮ ಈ ಕೆಲಸವನ್ನು ಬೆಳಗಿನ ಜಾವಕ್ಕೇ ಇಟ್ಟುಕೊಳ್ಳುತ್ತಾರೆ.

ಕೆಲವು ವರ್ಷಗಳ ಹಿಂದೆ ಇದೇ ಶೆಡ್ಡಿನಲ್ಲಿ ನಿಂಗರಾಜು ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಅದರ ಜೊತೆಗೆ ಮಾತೂ ಹೋಯಿತು.

“ಆಸ್ಪತ್ರೆಯಿಂದ ಬಂದ್ಮೇಲೆ ಒಂದಕ್ಸರ ಇಲ್ಲ ಸಾ. ನನ್ ಎಸ್ರೂ ಬರ್ನಿಲ್ಲ. ಒಂದಿನ ಗಂಜಿ ಕುಡುಸ್ತಿದ್ದೆ, ‘ಸಾಕು’ ಅಂದ್ಬುಟ್ರು! ಲೋಟ ಅಲ್ಲೇ ಬುಟ್ಟು ಬೀದಿಗೆ ಓಡ್ದೆ. ನಮ್ಮನೆಯವ್ರು ಮಾತಾಡುದ್ರು ಅಂತ ಸಿಕ್ಕಿದೋರ್ಗೆಲ್ಲ ಏಳ್ದೆ. ಇನ್ನೊಂದ್ ಮಾತು ಬತ್ತದೆ, ನಾಳೆ ಬತ್ತದೆ ಅಂತ ಕಾಯ್ತಾನೇ ಇದ್ದೆ” ಎನ್ನುತ್ತಾ ಮರಿತಾಯಮ್ಮ ಕೈಯ ಗ್ರೀಸನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. ಇನ್ನೊಂದು ಮಾತು ಇವತ್ತಿನವರೆಗೂ ಬಂದಿಲ್ಲ.

ಶೆಡ್ ಮುಚ್ಚಿ ಎಂದವರೇ ಎಲ್ಲರೂ. ಗಂಡನ ಜೊತೆ ಕೂತು ಸೀಮೆಎಣ್ಣೆಯಲ್ಲಿ ಸಾಮಾನು ತೊಳೆದಿದ್ದ ಮರಿತಾಯಮ್ಮ, ಧೈರ್ಯ ಮಾಡಿ ಒಂದು ಕಾರಿಗೆ ತಾವೇ ಕೈ ಹಾಕಿದರು. ನಿಂಗರಾಜು ಎಡಗೈ ಚಾಚಿ ಕವರಿನ ಅಂಚು ಮುಟ್ಟಿದರು. ಹದ ಸಿಕ್ಕಿದ ಕ್ಷಣಕ್ಕೆ “ಸಾಕು” ಅಂದರು. ಕಾರು ಸೋರಲಿಲ್ಲ. ಆವತ್ತು ಅವರು ಹೊಟ್ಟೆ ತುಂಬ ಉಂಡರು.

“ಕೆಲ್ಸ ಇದ್ದ ದಿನ ಉಣ್ತಾರೆ ಸಾ. ಇಲ್ದಿದ್ ದಿನ ಎಲ್ಡು ತುತ್ತಿಗೇ ಸಾಕು ಅಂತಾರೆ. ಮೈ ನೋಡಿ, ಎಂಗ್ ಇಳ್ದೋಗದೆ. ಇಂಗೇ ಉಣ್ದೆ ಇದ್ರೆ ಉಳಿಯಾಕಿಲ್ಲ ಅಂತ ಡಾಕ್ಟ್ರು ಏಳವ್ರೆ.”

ಒಂದೇ ಒಂದು ಸಲ ಈ ಮಾತು ಅವರನ್ನು ಯಾಮಾರಿಸಿತು. ನಿಂಗರಾಜು ಮುಂದೆ ಕಾಫಿ ಲೋಟ ಇತ್ತು. “ಸಾಕು” ಎಂದದ್ದನ್ನು ಮರಿತಾಯಮ್ಮ ಕಾಫಿಗೆ ಅಂದುಕೊಂಡರು. ಲೋಟ ಎತ್ತಿಟ್ಟು ಬಂದು ಬೋಲ್ಟಿಗೆ ಇನ್ನೊಂದು ಸುತ್ತು ಕೊಟ್ಟರು. ಪ್ಯಾಕಿಂಗ್ ಹಿಸುಕಿಹೋಯಿತು, ಸಂಜೆಗೆ ಕಾರು ಹೊಗೆ ಕಾರುತ್ತಾ ವಾಪಸ್ ಬಂತು. “ಅವ್ರು ಸರ್‍ಯಾಗೇ ಏಳುದ್ರು, ನಾನೇ ಕೇಳುಸ್ಕಣ್ನಿಲ್ಲ” ಎಂದು ಈಗಲೂ ಪೇಚಾಡುತ್ತಾರೆ. ಅಲ್ಲಿಂದ ಈಚೆಗೆ ಬಾನೆಟ್ ಎತ್ತಿದ ಮೇಲೆ ಶೆಡ್ಡಿನೊಳಗೆ ತಿಂಡಿಯೂ ಇಲ್ಲ, ಕಾಫಿಯೂ ಇಲ್ಲ. ಇವರ ಬಗ್ಗೆ ಬರೆಯಲು ಬಂದ ನನಗೂ ಇಲ್ಲ!

ಇವತ್ತಿನ ಕಾರು ದೇವನೂರಿನ ಬೆಟ್ಟಸ್ವಾಮಿಯವರದು. ಬಾಡಿಗೆಗೆ ಓಡುತ್ತದೆ. ಕೊನೆಯ ಬೋಲ್ಟಿಗೂ “ಸಾಕು” ಬಿದ್ದ ಮೇಲೆ ಅವರೇ ಒಳಗೆ ಕೂತು ಎಂಜಿನ್ ಶುರು ಮಾಡುತ್ತಾರೆ. ಮರಿತಾಯಮ್ಮ ಕವರಿನ ಸುತ್ತ ಟಾರ್ಚ್ ಬಿಟ್ಟು ನೋಡುತ್ತಾರೆ. ಒಂದು ಹನಿಯೂ ಇಲ್ಲ. ಬೆಟ್ಟಸ್ವಾಮಿ ಇಳಿದು ಬಂದು ಕತ್ತು ಕೆರೆದುಕೊಳ್ಳುತ್ತಾರೆ.

“ಅಕ್ಕ, ಎಂಗ್ ಏಳ್ಲಿ... ಗಾಡಿ ಮಾರ್ಬುಟ್ಟೆ. ಸೋರೋದ್ ನಿಲ್ಸಿ ಕೊಡು ಅಂದ್ರು ತಕಳೋರು, ಅದ್ಕೇ ತಂದಿದ್ದು. ಇನ್ಮೇಲೆ ವಸಾ ಗಾಡಿ. ಕಂಪ್ನಿಯೋರೇ ನೋಡ್ಕತಾರಂತೆ.”

ಅವರದೇನೂ ತಪ್ಪಿಲ್ಲ. ಬಾಡಿಗೆ ಓಡಿಸುವವರು ಹಳೆಯ ಗಾಡಿಯನ್ನು ಎಷ್ಟು ದಿನ ತಳ್ಳಿಯಾರು? ಆದರೂ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಖಾಯಂ ಬರುತ್ತಿದ್ದ ಹಳೆಯ ಕಾರುಗಳಲ್ಲಿ ಉಳಿದಿದ್ದುದು ಇದೊಂದೇ. ಬೆಟ್ಟಸ್ವಾಮಿ ನಿಂಗರಾಜು ಅವರ ಎಡಗೈ ಹಿಡಿದು, “ಬತ್ತೀನಿ ನಿಂಗಣ್ಣ” ಎಂದು ಹೊರಡುತ್ತಾರೆ. ನಿಂಗರಾಜು ಕಾರು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾರೆ.

ಮರಿತಾಯಮ್ಮ ಕೈ ತೊಳೆದು ಉಪ್ಪಿಟ್ಟಿನ ತಟ್ಟೆ ತರುತ್ತಾರೆ. ನಿಮ್ಮ ಆಸೆ ಏನಮ್ಮ ಎಂದು ಕೇಳುತ್ತೇನೆ.

“ಇನ್ನೊಬ್ರ ಕಾರು ಕೆಡ್ಲಿ ಅಂತ ಕೇಳ್ಕಬಾರ್ದು ಸಾ. ಆದ್ರೂ ಕೇಳ್ಕತೀನಿ. ಎಲ್ಲಾದ್ರೂ ಒಂದು ಅಳೇ ಕಾರು ಸೋರ್ತಾ ಇರ್ಲಿ.”

ಒಂದು ತುತ್ತು ಹೋಗುತ್ತದೆ. ಎರಡನೆಯದೂ ಹೋಗುತ್ತದೆ. ಕೆಲಸ ಇದ್ದ ದಿನ, ತಟ್ಟೆ ಖಾಲಿಯಾಗಬೇಕಾದ ದಿನ, ನಿಂಗರಾಜು ಮುಖ ತಿರುಗಿಸುತ್ತಾರೆ.

“ಸಾಕು.”

ಮರಿತಾಯಮ್ಮನ ಕೈ ಕೆಳಗಿಳಿಯುವುದಿಲ್ಲ. “ಬೋಲ್ಟಿಗೆ ಅಂದ್ರೆ ಕೇಳ್ತೀನಿ. ಇದ್ಕೆ ಕೇಳಾಕಿಲ್ಲ” ಎನ್ನುತ್ತಾರೆ. ತುತ್ತನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಕೂರುತ್ತಾರೆ.

“ಇನ್ನೊಂದ್ ಸುತ್ತು ಕಣ್ರೀ. ಒಂದೇ ಒಂದು ಸುತ್ತು.”